ಮೆಮೊರಿ ಕಾರ್ಡ್‌ಗೆ ಎಕ್ಸ್ಟ್4 ಹಾಕಿದರೆ ಕಾರ್ಡ್ ಕೆಡೋದು ನಿಲ್ಲುತ್ತಾ?

ಪ್ರಶ್ನೆ: ನನ್ನ ಹತ್ತಿರ 128 ಜಿಬಿಯ ಮೈಕ್ರೋ ಎಸ್‌ಡಿ ಕಾರ್ಡ್ ಇದೆ. ಹಳೇ ಫೋನ್ ಎಕ್ಸ್‌ಫ್ಯಾಟ್ ಅನ್ನೋ ಫೈಲ್ ಸಿಸ್ಟಮ್ (ಕಾರ್ಡ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವಿಧಾನ) ಓದುತ್ತಿರಲಿಲ್ಲ, ಹಾಗಾಗಿ ಫ್ಯಾಟ್32 ಮಾಡಿಕೊಂಡಿದ್ದೆ. ಹೊಸ ಫೋನ್‌ಗೂ ಅದೇ ಕಾರ್ಡ್ ಹಾಕಿದೆ. ಉದ್ದದ ವಿಡಿಯೊಗಳು ಅದಕ್ಕೆ ಕಾಪಿ ಆಗುತ್ತಿರಲಿಲ್ಲ, ಜಾಗ ಬೇಕಾದಷ್ಟು ಖಾಲಿ ಇದ್ದರೂ. ಜೊತೆಗೆ ಆಗಾಗ ‘ಎಸ್‌ಡಿ ಕಾರ್ಡ್ ಹಾಳಾಗಿದೆ’ ಅನ್ನೋ ಸೂಚನೆ. ಒಂದು ಸಲ ಒಂದಷ್ಟು ಫೋಟೊಗಳೂ ಹೋದವು. ವಿಂಡೋಸ್ ಬದಲು ಲಿನಕ್ಸ್ ಬಳಸುವ ಗೆಳೆಯ ‘ಲಿನಕ್ಸ್‌ನ ಫೈಲ್ ಸಿಸ್ಟಮ್‌ಗಳಾದ ಎಕ್ಸ್ಟ್4 ಇಲ್ಲಾ ಎಫ್2ಎಫ್‌ಎಸ್ ಹಾಕು, ಜರ್ನಲ್ (ಬದಲಾವಣೆಗಳ ದಾಖಲೆ) ಇರೋದರಿಂದ ಕಾರ್ಡ್ ಕೆಡಲ್ಲ, ವೇಗವೂ ಜಾಸ್ತಿ’ ಅಂದ. ಇನ್ನೊಬ್ಬರು ‘ಜರ್ನಲ್ ಕಾರ್ಡ್‌ನ ಆಯಸ್ಸನ್ನೇ ತಿಂದುಬಿಡುತ್ತೆ’ ಅಂತ ಹೆದರಿಸಿದರು. ನಾನು ಅವನ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್ಟ್4 ಮಾಡಿ, ಫೈಲ್‌ಗಳನ್ನು ವಾಪಸ್ ತುಂಬಿಸಿದೆ. ಅವನ ಲ್ಯಾಪ್‌ಟಾಪ್ ಚೆನ್ನಾಗಿ ಓದುತ್ತೆ. ಫೋನ್ ಮಾತ್ರ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತೆ. ನನ್ನ ಲ್ಯಾಪ್‌ಟಾಪ್ ವಿಂಡೋಸ್. ಅಪರೂಪಕ್ಕೆ ಕ್ಯಾಮೆರಾಗೂ ಇದೇ ಕಾರ್ಡ್ ಹಾಕ್ತೀನಿ. ಫೋನ್ ರೂಟ್ ಮಾಡಿದರೆ, ಅಂದರೆ ಅದರ ಪೂರ್ತಿ ಹಿಡಿತ ಕೈಗೆ ತಗೊಂಡರೆ, ಸರಿಹೋಗುತ್ತಾ? ನನ್ನ ಹಳೇ ಫೋನ್ ರೂಟ್ ಆಗಿದೆ, ಅದರಲ್ಲಾದರೂ ಬಳಸಬಹುದಾ?

ಉತ್ತರ: ಮೊದಲು ಒಂದು ಮಾತು. ಫೋನ್ ಆಗಲಿ, ವಿಂಡೋಸ್ ಆಗಲಿ ‘ಫಾರ್ಮ್ಯಾಟ್ ಮಾಡಿ’ ಅಂತ ಕೇಳಿದಾಗ ಸದ್ಯಕ್ಕೆ ಒಪ್ಪಬೇಡಿ. ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಎಲ್ಲೂ ಇಲ್ಲ ಅಂದರೆ ಕಾರ್ಡನ್ನು ಗೆಳೆಯನ ಲ್ಯಾಪ್‌ಟಾಪ್‌ಗೆ ಹಾಕಿ, ಎಲ್ಲವನ್ನೂ ಅಲ್ಲಿಗೆ ಕಾಪಿ ಮಾಡಿಕೊಳ್ಳಿ. ಮುಂದಿನದನ್ನು ಆಮೇಲೆ ನಿಧಾನವಾಗಿ ಓದಬಹುದು.

ನಿಮ್ಮದು ಎರಡು ಬೇರೆ ಬೇರೆ ತೊಂದರೆ. ಎರಡಕ್ಕೂ ಒಂದೇ ಮದ್ದು ಹುಡುಕಿದ್ದೀರಿ, ಗೊಂದಲ ಆಗಿರೋದೇ ಅಲ್ಲಿ.

ಉದ್ದದ ವಿಡಿಯೊ ಕಾಪಿ ಆಗದೇ ಇದ್ದದ್ದು ನಿಜವಾಗಿಯೂ ಫೈಲ್ ಸಿಸ್ಟಮ್‌ನ ಮಿತಿಯೇ. ಫ್ಯಾಟ್32 ಬಂದದ್ದು 1996ರಲ್ಲಿ. ಅದರಲ್ಲಿ ಒಂದು ಫೈಲ್‌ನ ಗಾತ್ರ ಬರೆದಿಡಲು ಇರುವ ಜಾಗ 32 ಬಿಟ್ ಮಾತ್ರ. ಹಾಗಾಗಿ ಒಂದು ಫೈಲ್ 4,29,49,67,295 ಬೈಟ್ ದಾಟುವ ಹಾಗಿಲ್ಲ, ಅಂದರೆ 4 ಜಿಬಿಗೆ ಒಂದು ಬೈಟ್ ಕಮ್ಮಿ. ಸೆಕೆಂಡಿಗೆ 50 ಮೆಗಾಬಿಟ್‌ನಂತೆ ವಿಡಿಯೊ ತೆಗೆದರೆ ಹನ್ನೊಂದು ಚಿಲ್ಲರೆ ನಿಮಿಷಕ್ಕೇ ಆ ಗಡಿ ಮುಟ್ಟುತ್ತೆ. ಕಾರ್ಡ್‌ನಲ್ಲಿ 100 ಜಿಬಿ ಖಾಲಿ ಇದ್ದರೂ ಅಷ್ಟೇ. ಇದಕ್ಕೆ ಫೈಲ್ ಸಿಸ್ಟಮ್ ಬದಲಿಸೋದೇ ದಾರಿ. ಆದರೆ ಎಕ್ಸ್ಟ್4ವರೆಗೆ ಹೋಗಬೇಕಾಗಿಲ್ಲ. ಎಕ್ಸ್‌ಫ್ಯಾಟ್‌ಗೂ ಆ ಮಿತಿ ಇಲ್ಲ. 32 ಜಿಬಿಗಿಂತ ದೊಡ್ಡ ಕಾರ್ಡ್‌ಗಳಿಗೆ ಎಸ್‌ಡಿ ಅಸೋಸಿಯೇಷನ್ ನಿಗದಿ ಮಾಡಿರೋದೂ ಅದನ್ನೇ. ನಿಮ್ಮ ಕಾರ್ಡ್ ಅಂಗಡಿಯಿಂದ ಬಂದಾಗ ಎಕ್ಸ್‌ಫ್ಯಾಟ್‌ನಲ್ಲೇ ಇದ್ದಿರುತ್ತೆ.

ಹಳೇ ಫೋನ್ ಅದನ್ನು ಓದದೇ ಇದ್ದದ್ದರಲ್ಲಿ ಆಶ್ಚರ್ಯ ಏನಿಲ್ಲ. ಎಕ್ಸ್‌ಫ್ಯಾಟ್ ಮೈಕ್ರೋಸಾಫ್ಟ್‌ನ ಪೇಟೆಂಟ್‌ಗಳ ಹಿಡಿತದಲ್ಲಿತ್ತು. ಫೋನ್ ತಯಾರಕರು ಲೈಸೆನ್ಸ್ ಪಡೆಯಬೇಕಿತ್ತು, ಕೆಲವರು ಆ ತಂಟೆಗೇ ಹೋಗಲಿಲ್ಲ. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಹಿರಂಗ ಮಾಡಿ, ಲಿನಕ್ಸ್‌ಗೆ ಸೇರಿಸಿಕೊಳ್ಳಲು ಒಪ್ಪಿತು. 2020ರಲ್ಲಿ ಬಂದ ಲಿನಕ್ಸ್ 5.7 ಕರ್ನಲ್‌ಗೆ ಸ್ಯಾಮ್‌ಸಂಗ್ ಬರೆದ ಡ್ರೈವರ್ ಸೇರಿತು. ಕರ್ನಲ್ ಅಂದರೆ ಸಿಸ್ಟಮ್‌ನ ತಿರುಳು, ಆಂಡ್ರಾಯ್ಡ್ ನಿಂತಿರೋದೂ ಲಿನಕ್ಸ್ ಕರ್ನಲ್ ಮೇಲೇ. ಹೊಸ ಫೋನ್‌ಗಳಲ್ಲಿ ಈ ತಕರಾರು ಹೆಚ್ಚುಕಮ್ಮಿ ಮುಗಿದ ಕತೆ.

ಇನ್ನು ಎರಡನೇ ತೊಂದರೆ, ‘ಕಾರ್ಡ್ ಹಾಳಾಗಿದೆ’ ಅನ್ನೋದು. ಇದಕ್ಕೆ ಫೈಲ್ ಸಿಸ್ಟಮ್ ಕಾರಣ ಆಗಿರೋದು ಕಮ್ಮಿ. ಡೇಟಾ ವಾಪಸ್ ತೆಗೆದುಕೊಡುವ ಕೆಲಸದಲ್ಲಿ ನಾನು ನೋಡುವ ಇಂಥ ಕಾರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಏಟು ಬಿದ್ದಿರೋದು ಬೇರೆ ಕಡೆ.

ಒಂದು, ನಕಲಿ ಕಾರ್ಡ್. ಒಳಗೆ ಇರೋದು 16 ಅಥವಾ 32 ಜಿಬಿ, ಆದರೆ 128 ಅಂತ ಹೇಳಿಕೊಳ್ಳುವ ಹಾಗೆ ಅದರ ಕಂಟ್ರೋಲರ್‌ಗೆ (ಕಾರ್ಡನ್ನು ಒಳಗಿಂದ ನಡೆಸುವ ಚಿಪ್‌ಗೆ) ಕಲಿಸಿರುತ್ತಾರೆ. ಮೊದಮೊದಲು ಎಲ್ಲ ಸರಿ ಇರುತ್ತೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತೆ, ಇಲ್ಲಾ ಹಳೇ ಫೈಲ್‌ಗಳ ಮೇಲೇ ಬೀಳುತ್ತೆ. ಹೆಸರು ಕಾಣಿಸುತ್ತೆ, ಫೋಟೊ ತೆರೆಯಲ್ಲ. ಹಳೆಯ ಫೋಟೊಗಳು ಚೆನ್ನಾಗಿದ್ದು ಇತ್ತೀಚಿನವು ಮಾತ್ರ ಹೋಗಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಅಂದಹಾಗೆ, 128 ಜಿಬಿ ಕಾರ್ಡ್ ಕಂಪ್ಯೂಟರ್‌ನಲ್ಲಿ 119 ಅಂತ ಕಾಣಿಸೋದು ಮೋಸ ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ, ಅಷ್ಟೇ.

ಎರಡು, ಸವೆದ ಕಾರ್ಡ್. ಫ್ಲ್ಯಾಶ್ ಮೆಮೊರಿಯ ಒಂದೊಂದು ಭಾಗವನ್ನೂ ಇಷ್ಟೇ ಸಲ ಅಳಿಸಿ ಬರೆಯಲು ಆಗೋದು. ಸವೆದ ಭಾಗಗಳ ಜಾಗಕ್ಕೆಂದು ಇಟ್ಟ ಬದಲಿ ಬ್ಲಾಕ್‌ಗಳು ಮುಗಿದಾಗ ಕೆಲವು ಕಾರ್ಡ್‌ಗಳು ತಾವೇ ಬರೆಯೋದನ್ನು ನಿಲ್ಲಿಸಿಬಿಡುತ್ತವೆ. ಇದರ ಲಕ್ಷಣ ವಿಚಿತ್ರವಾಗಿರುತ್ತೆ. ಫೈಲ್ ಅಳಿಸಿದರೆ ‘ಆಯ್ತು’ ಅನ್ನುತ್ತೆ, ಫಾರ್ಮ್ಯಾಟ್ ಮಾಡಿದರೂ ‘ಆಯ್ತು’ ಅನ್ನುತ್ತೆ. ಕಾರ್ಡ್ ತೆಗೆದು ಮತ್ತೆ ಹಾಕಿ ನೋಡಿದರೆ ಹಳೇ ಫೈಲ್‌ಗಳೆಲ್ಲ ಅಲ್ಲೇ ಇರುತ್ತವೆ. ಜನ ಇದನ್ನು ವೈರಸ್ ಅಂದುಕೊಂಡು ಒದ್ದಾಡುತ್ತಾರೆ. ಅದು ಕಾರ್ಡ್‌ನ ಕೊನೆಗಾಲ. ಓದಲು ಬರುವಾಗಲೇ ಎಲ್ಲವನ್ನೂ ತೆಗೆದುಕೊಂಡು ಕಾರ್ಡನ್ನು ಕೈಬಿಡಬೇಕು. ನಿಮ್ಮ ಕಾರ್ಡ್ ಎಕ್ಸ್ಟ್4 ಆಗಲು ಒಪ್ಪಿದೆ, ಫೈಲ್‌ಗಳೂ ಉಳಿದಿವೆ. ಹಾಗಾಗಿ ಇದು ಇನ್ನೂ ಆ ಸ್ಥಿತಿಗೆ ಬಂದಿಲ್ಲ.

ಮೂರು, ಬರೆಯುತ್ತಿರುವಾಗಲೇ ಕಾರ್ಡ್ ಎಳೆಯೋದು, ಇಲ್ಲವೇ ಬ್ಯಾಟರಿ ಪೂರ್ತಿ ಇಳಿದು ಫೋನ್ ದಿಢೀರನೆ ಆಫ್ ಆಗೋದು. ಈ ಒಂದು ಕಡೆ ಮಾತ್ರ ನಿಮ್ಮ ಗೆಳೆಯನ ಮಾತಿನಲ್ಲಿ ಹುರುಳಿದೆ, ಅದಕ್ಕೆ ಈಗಲೇ ಬರ್ತೀನಿ. ಸ್ಲಾಟ್‌ನ ದೂಳು, ಸಡಿಲವಾದ ಟ್ರೇ ಇವೂ ಇವೆ. ಟ್ರೇ ಮುಟ್ಟಿದರೆ ಕಾರ್ಡ್ ಮಾಯವಾಗಿ ಮತ್ತೆ ಬಂದರೆ ಅದೇ ಅಂತ ಗೊತ್ತಾಗುತ್ತೆ.

ಜರ್ನಲ್ ಏನು ಮಾಡುತ್ತೆ, ಏನು ಮಾಡಲ್ಲ

ಎಕ್ಸ್ಟ್4 ಒಂದು ಬದಲಾವಣೆ ಮಾಡುವ ಮುಂಚೆ ‘ಇಂಥದ್ದನ್ನು ಮಾಡಲಿದ್ದೇನೆ’ ಅಂತ ಜರ್ನಲ್‌ನಲ್ಲಿ ಬರೆದಿಡುತ್ತೆ. ಮಧ್ಯದಲ್ಲಿ ಕರೆಂಟ್ ಹೋದರೆ, ಮುಂದಿನ ಸಲ ಆ ಟಿಪ್ಪಣಿ ನೋಡಿ ಫೋಲ್ಡರ್‌ಗಳ ಲೆಕ್ಕವನ್ನು ಸರಿಮಾಡಿಕೊಳ್ಳುತ್ತೆ. ಫ್ಯಾಟ್32ಗೂ ಎಕ್ಸ್‌ಫ್ಯಾಟ್‌ಗೂ ಈ ಸೌಲಭ್ಯ ಇಲ್ಲ. ಎಕ್ಸ್‌ಫ್ಯಾಟ್‌ನ ಪರಿಸ್ಥಿತಿ ಒಂದು ಲೆಕ್ಕದಲ್ಲಿ ಇನ್ನೂ ನಾಜೂಕು. ಫ್ಯಾಟ್32 ಸಾಮಾನ್ಯವಾಗಿ ತನ್ನ ಮುಖ್ಯ ಪಟ್ಟಿಯ ಎರಡು ಪ್ರತಿ ಇಟ್ಟುಕೊಂಡಿರುತ್ತೆ, ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದೇ ಇಡುತ್ತೆ.

ಆದರೆ ಗಮನಿಸಿ. ಎಕ್ಸ್ಟ್4 ಮಾಮೂಲಿ ಸೆಟ್ಟಿಂಗ್‌ನಲ್ಲಿ ಜರ್ನಲ್‌ಗೆ ಬರೆಯೋದು ಫೈಲ್‌ನ ಲೆಕ್ಕಪತ್ರ ಮಾತ್ರ: ಹೆಸರು, ಗಾತ್ರ, ಎಲ್ಲಿದೆ ಅನ್ನೋದು. ಫೈಲ್‌ನ ಒಳಗಿನ ಡೇಟಾ ಅದರಲ್ಲಿ ಇರಲ್ಲ. ಅರ್ಧ ಬರೆದ ವಿಡಿಯೊ ಎಕ್ಸ್ಟ್4ನಲ್ಲೂ ಅರ್ಧವೇ. ಉಳಿಯೋದು ಉಳಿದ ಫೋಲ್ಡರ್‌ಗಳು. ಜೊತೆಗೆ, ಕಾರ್ಡ್‌ನ ಕಂಟ್ರೋಲರ್ ‘ಬರೆದೆ’ ಅಂದಾಗ ನಿಜವಾಗಿಯೂ ಬರೆದಿರಬೇಕು. ಅಗ್ಗದ ಕಾರ್ಡ್‌ಗಳು ಈ ವಿಷಯದಲ್ಲಿ ಯಾವಾಗಲೂ ಪ್ರಾಮಾಣಿಕವಾಗಿರಲ್ಲ. ಮೇಲೆ ಎಂಥ ಫೈಲ್ ಸಿಸ್ಟಮ್ ಇದ್ದರೂ, ಕೆಳಗಿರುವ ಕಂಟ್ರೋಲರ್ ತನ್ನದೇ ಒಂದು ನಕ್ಷೆ ಇಟ್ಟುಕೊಂಡಿರುತ್ತೆ. ಅದು ಕೆಟ್ಟರೆ ಜರ್ನಲ್ ಕೂಡ ಅದರ ಜೊತೆಗೇ ಹೋಗುತ್ತೆ. ನಕಲಿ ಕಾರ್ಡ್ ಮೇಲೆ ಎಕ್ಸ್ಟ್4 ಹಾಕಿದರೂ ಅದು ನಕಲಿ ಕಾರ್ಡೇ.

ಇನ್ನು ‘ಜರ್ನಲ್ ಆಯಸ್ಸು ತಿನ್ನುತ್ತೆ’ ಅನ್ನೋ ಹೆದರಿಕೆ. ಇದರಲ್ಲಿ ಎಳ್ಳಷ್ಟು ನಿಜ, ಉಳಿದದ್ದು ಉತ್ಪ್ರೇಕ್ಷೆ. 2010ರ ಕೊನೆಯಲ್ಲಿ ನೆಕ್ಸಸ್ ಎಸ್ ಫೋನ್ ಬಂದಾಗಿನಿಂದ ಆಂಡ್ರಾಯ್ಡ್ ತನ್ನ ಒಳಗಿನ ಸ್ಟೋರೇಜ್‌ಗೆ ಎಕ್ಸ್ಟ್4 ಬಳಸುತ್ತಾ ಬಂದಿದೆ, ಜರ್ನಲ್ ಸಮೇತ. ಫೋಟೊ, ವಿಡಿಯೊ, ಹಾಡು ಇಡುವ ಕಾರ್ಡ್‌ನಲ್ಲಿ ಜರ್ನಲ್‌ನ ಹೆಚ್ಚುವರಿ ಬರವಣಿಗೆ ಲೆಕ್ಕಕ್ಕೇ ಬರದಷ್ಟು ಚಿಕ್ಕದು. ಕಾರ್ಡನ್ನು ನಿಜವಾಗಿ ಸವೆಸೋದು ಚಿಕ್ಕ ಚಿಕ್ಕ ಬರವಣಿಗೆಗಳ ಸುರಿಮಳೆ. ಆಪ್‌ಗಳ ಡೇಟಾಬೇಸ್, ಚಾಟ್‌ನ ಕ್ಯಾಶ್, ಲಾಗ್ ಇಂಥವು. ಫ್ಲ್ಯಾಶ್‌ನಲ್ಲಿ ಅಳಿಸೋದು ದೊಡ್ಡ ದೊಡ್ಡ ತುಂಡುಗಳಲ್ಲಿ ಮಾತ್ರ ಸಾಧ್ಯ. ನಾಲ್ಕು ಕೆಬಿ ಬದಲಾಯಿಸಬೇಕಾದರೂ ಕೆಲವೊಮ್ಮೆ ಕಂಟ್ರೋಲರ್ ಹಲವು ಎಂಬಿಯನ್ನು ಎತ್ತಿಡಬೇಕಾಗುತ್ತೆ, ಒಂದು ಕಾಗುಣಿತ ತಿದ್ದಲು ಇಡೀ ಅಧ್ಯಾಯವನ್ನು ಮತ್ತೆ ಬರೆದ ಹಾಗೆ. ಈ ಬಾಬತ್ತಿನಲ್ಲಿ ಯಾವ ಫೈಲ್ ಸಿಸ್ಟಮ್ ಅನ್ನೋದಕ್ಕಿಂತ ಕಾರ್ಡ್ ಮೇಲೆ ಏನು ಓಡಿಸುತ್ತೀರಿ ಅನ್ನೋದೇ ಮುಖ್ಯ.

ವೇಗದ ಮಾತು? ದೊಡ್ಡ ಫೈಲ್‌ಗಳನ್ನು ಸಾಲಾಗಿ ಬರೆಯುವಾಗ ವೇಗ ತೀರ್ಮಾನ ಆಗೋದು ಕಾರ್ಡ್ ಮತ್ತು ಸ್ಲಾಟ್‌ನಿಂದ. ಎಕ್ಸ್ಟ್4 ಹಾಕಿದ ಮಾತ್ರಕ್ಕೆ ಸೆಕೆಂಡಿಗೆ 30 ಎಂಬಿ ಬರೆಯುವ ಕಾರ್ಡ್ 60 ಬರೆಯಲ್ಲ. ಕೆಲವು ಸಲ ಉಲ್ಟಾ ಆಗೋದೂ ಉಂಟು. ಎಸ್‌ಡಿ ಕಾರ್ಡ್‌ಗಳ ಕಂಟ್ರೋಲರ್‌ಗಳನ್ನು ಫ್ಯಾಟ್ ಬಗೆಯ ಬಳಕೆಯನ್ನು ಮನಸ್ಸಿನಲ್ಲಿಟ್ಟೇ ತಯಾರಿಸಿರುತ್ತಾರೆ. ಪಟ್ಟಿ ಶುರುವಿನಲ್ಲಿ, ಆಮೇಲೆ ಸಾಲಾಗಿ ಡೇಟಾ ಅನ್ನೋ ಲೆಕ್ಕ. ಎಕ್ಸ್ಟ್4 ತನ್ನ ಲೆಕ್ಕಪತ್ರವನ್ನು ಕಾರ್ಡ್‌ನ ಉದ್ದಕ್ಕೂ ಹರಡಿರುತ್ತೆ. ಒಳ್ಳೆ ಕಾರ್ಡ್ ಇದನ್ನು ತಡೆದುಕೊಳ್ಳುತ್ತೆ, ಅಗ್ಗದ್ದು ಏದುಸಿರು ಬಿಡುತ್ತೆ.

ಎಫ್2ಎಫ್‌ಎಸ್ ಬಗ್ಗೆ ನನಗೆ ಗೌರವ ಇದೆ. ಸ್ಯಾಮ್‌ಸಂಗ್ ಅದನ್ನು ಫ್ಲ್ಯಾಶ್‌ಗೆಂದೇ ಬರೆಯಿತು, 2013ರಲ್ಲಿ ಲಿನಕ್ಸ್ 3.8ಕ್ಕೆ ಸೇರಿತು. ಚೆಲ್ಲಾಪಿಲ್ಲಿ ಬರವಣಿಗೆಯನ್ನು ಸಾಲುಸಾಲಾಗಿ ಮಾಡಿಕೊಳ್ಳೋದು ಅದರ ಜಾಣತನ. ಹಲವು ಫೋನ್‌ಗಳ ಒಳಗಿನ ಸ್ಟೋರೇಜ್‌ನಲ್ಲಿ ಇವತ್ತು ಅದೇ ಇದೆ. ಆದರೆ ಮಾಮೂಲಿಯಾಗಿ ಅದು ಒಂದೇ ಹೊತ್ತಿಗೆ ಆರು ಕಡೆ ಬರೆಯುತ್ತಾ ಹೋಗುತ್ತೆ. ಅಗ್ಗದ ಕಾರ್ಡ್ ಅಷ್ಟು ಬ್ಲಾಕ್‌ಗಳನ್ನು ಒಟ್ಟಿಗೆ ತೆರೆದಿಟ್ಟುಕೊಳ್ಳಲಾರದು, ಲಾಭವೆಲ್ಲ ಅಲ್ಲೇ ಸೋರಿಹೋಗುತ್ತೆ. ನನ್ನ ಕೆಲಸದ ಕಡೆಯಿಂದ ಹೇಳೋದಾದರೆ, ಕೆಟ್ಟ ಮೇಲೆ ಫೈಲ್ ವಾಪಸ್ ತೆಗೆಯುವ ಸಾಧನಗಳು ಎಫ್2ಎಫ್‌ಎಸ್‌ಗೆ ಕಮ್ಮಿ. ವಿಂಡೋಸ್‌ನ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಆಂಡ್ರಾಯ್ಡ್‌ನ ಮೂಲ ಆವೃತ್ತಿ ಅದನ್ನು ಕಾರ್ಡ್‌ಗೆ ಒಪ್ಪಲ್ಲ, ಕ್ಯಾಮೆರಾಗಳೂ ಒಪ್ಪಲ್ಲ. ಮುಂದೆ ಹೋಗೋಣ.

ಫೋನ್ ಯಾಕೆ ಬೇಡ ಅನ್ನುತ್ತೆ

ಒಳಗೆಲ್ಲ ಎಕ್ಸ್ಟ್4 ಇಟ್ಟುಕೊಂಡು, ಕಾರ್ಡ್‌ನಲ್ಲಿ ಅದನ್ನೇ ಕಂಡರೆ ಫಾರ್ಮ್ಯಾಟ್ ಕೇಳುತ್ತೆ ಅಲ್ವಾ? ನೋಡಲು ತಮಾಷೆಯಾಗಿದೆ, ಆದರೆ ಕಾರಣ ಇದೆ.

ಆಂಡ್ರಾಯ್ಡ್‌ನಲ್ಲಿ ಕಾರ್ಡ್ ನೋಡಿಕೊಳ್ಳೋದು ವೋಲ್ಡ್ ಅನ್ನೋ ಒಂದು ಸೇವೆ. ಹೊರಗಿನಿಂದ ಬಂದ ಕಾರ್ಡ್ ಅಂದರೆ ಅದು ಫ್ಯಾಟ್ ಮತ್ತು ಎಕ್ಸ್‌ಫ್ಯಾಟ್ ಎರಡನ್ನು ಮಾತ್ರ ಒಪ್ಪುವ ಹಾಗೆ ಬರೆದಿದ್ದಾರೆ. ಕರ್ನಲ್‌ಗೆ ಎಕ್ಸ್ಟ್4 ಗೊತ್ತು, ವೋಲ್ಡ್ ಕೇಳೋದೇ ಇಲ್ಲ. ನಿಮ್ಮ ಫೋನ್ ಕೆಟ್ಟಿಲ್ಲ, ಕಾರ್ಡ್ ಕೆಟ್ಟಿದೆ ಅನ್ನೋದಕ್ಕೂ ಇದು ಸಾಕ್ಷಿ ಅಲ್ಲ.

ಹೀಗೆ ಯಾಕೆ ಬರೆದರು ಅನ್ನೋದು ಎಕ್ಸ್ಟ್4ನ ಸ್ವಭಾವದಲ್ಲಿದೆ. ಫ್ಯಾಟ್‌ನಲ್ಲಿ ‘ಈ ಫೈಲ್ ಯಾರದ್ದು’ ಅನ್ನೋ ವಿಷಯವೇ ಇಲ್ಲ. ಎಕ್ಸ್ಟ್4ನಲ್ಲಿ ಪ್ರತಿ ಫೈಲ್‌ಗೂ ಒಡೆಯ ಇದ್ದಾನೆ, ಅದೂ ಹೆಸರಲ್ಲ, ಒಂದು ಸಂಖ್ಯೆ. ನಿಮ್ಮ ಗೆಳೆಯನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಅವನ ಸಂಖ್ಯೆ ಹೆಚ್ಚಾಗಿ 1000 ಇರುತ್ತೆ. ಆಂಡ್ರಾಯ್ಡ್‌ನಲ್ಲಿ 1000 ಅಂದರೆ ಸಾಕ್ಷಾತ್ ಸಿಸ್ಟಮ್. ಆಪ್‌ಗಳ ಸಂಖ್ಯೆ ಶುರುವಾಗೋದು 10000ದಿಂದ, ಅದೂ ಯಾವ ಆಪ್‌ಗೆ ಯಾವುದು ಅನ್ನೋದು ಫೋನಿಂದ ಫೋನಿಗೆ ಬೇರೆ. ಒಂದು ಫೋನ್‌ನಲ್ಲಿ ಗ್ಯಾಲರಿಯದ್ದಾದ ಫೈಲ್, ಇನ್ನೊಂದರಲ್ಲಿ ಯಾವುದೋ ಆಟದ ಆಪ್‌ನದ್ದು ಅನ್ನಿಸಿಕೊಳ್ಳಬಹುದು. ಅದರ ಮೇಲೆ ಎಸ್‌ಇಲಿನಕ್ಸ್ ಅನ್ನೋ ಭದ್ರತಾ ವ್ಯವಸ್ಥೆಯ ಕಾವಲು ಬೇರೆ. ಲ್ಯಾಪ್‌ಟಾಪ್‌ನಿಂದ ಬಂದ ಫೈಲ್‌ಗಳಿಗೆ ಅದು ಬಯಸುವ ಗುರುತೇ ಇರಲ್ಲ. ಇದರ ಜೊತೆಗೆ ಎಕ್ಸ್ಟ್4 ಇಂಗ್ಲಿಷ್‌ನ ದೊಡ್ಡ ಅಕ್ಷರ ಸಣ್ಣ ಅಕ್ಷರಗಳನ್ನು ಬೇರೆ ಬೇರೆ ಅಂತ ನೋಡುತ್ತೆ. ಫ್ಯಾಟ್‌ಗೆ ಒಗ್ಗಿದ ಆಪ್‌ಗಳು ಒಂದೇ ಫೋಲ್ಡರ್ ಅಂದುಕೊಂಡದ್ದು ಅಲ್ಲಿ ಎರಡಾಗಿ ಕೂತಿರುತ್ತೆ.

ಹಾಗಾಗಿ ರೂಟ್ ಮಾಡಿದರೆ ಸರಿಹೋಗುತ್ತಾ ಅನ್ನೋದಕ್ಕೆ ಉತ್ತರ: ಮೌಂಟ್ ಮಾಡಬಹುದು, ಅಂದರೆ ಕಾರ್ಡನ್ನು ಫೋನ್‌ನ ಸಿಸ್ಟಮ್‌ಗೆ ಜೋಡಿಸಿ ತೆರೆಯಬಹುದು, ಸರಿಹೋಗುತ್ತೆ ಅಂತ ಹೇಳಲಾರೆ. ಫೈಲ್ ಮ್ಯಾನೇಜರ್‌ನಲ್ಲಿ ಕಾಣುತ್ತೆ, ಗ್ಯಾಲರಿಯಲ್ಲಿ ಕಾಣಲ್ಲ. ಒಂದು ಆಪ್ ಓದುತ್ತೆ, ಇನ್ನೊಂದಕ್ಕೆ ಅನುಮತಿ ಇಲ್ಲ. ಪ್ರತಿ ಸಲ ಅನುಮತಿ ತಿದ್ದುವ ಕೆಲಸ ನಿಮ್ಮ ತಲೆಗೇ ಬರುತ್ತೆ. ಅದಕ್ಕೂ ಮುಂಚೆ, ರೂಟ್ ಮಾಡಲೆಂದು ಬೂಟ್‌ಲೋಡರ್ (ಫೋನ್ ಶುರುಮಾಡುವ ಸಾಫ್ಟ್‌ವೇರ್) ಅನ್‌ಲಾಕ್ ಮಾಡಿದಾಗ ಫೋನ್‌ನ ಡೇಟಾ ಪೂರ್ತಿ ಅಳಿಸಿಹೋಗುತ್ತೆ. ಆಮೇಲೆ ಬ್ಯಾಂಕಿಂಗ್ ಆಪ್‌ಗಳು ಕೈಕೊಡಬಹುದು, ಸಾಫ್ಟ್‌ವೇರ್ ಅಪ್‌ಡೇಟ್‌ಗೆ ತೊಡಕಾಗಬಹುದು. ದಿನಾ ಬಳಸುವ ಫೋನ್‌ಗೆ, ಬರೀ ಕಾರ್ಡ್‌ನ ಸಲುವಾಗಿ, ಇಷ್ಟೆಲ್ಲ ಮಾಡಿಕೊಳ್ಳಿ ಅಂತ ನಾನು ಹೇಳಲ್ಲ.

ರೂಟ್ ಇಲ್ಲದೆ ಓದಿಸುವ ಆಪ್‌ಗಳು ಇವೆಯಲ್ಲ ಅಂತ ಕೇಳಬಹುದು. ಇವೆ. ಆದರೆ ಅವು ಕೆಲಸ ಮಾಡೋದು ಯುಎಸ್‌ಬಿ ಕಾರ್ಡ್ ರೀಡರ್ ಮೂಲಕ ಜೋಡಿಸಿದಾಗ, ಫೈಲ್‌ಗಳು ಕಾಣಿಸೋದು ಆ ಆಪ್‌ನ ಮೂಲಕ. ಸ್ಲಾಟ್‌ನಲ್ಲಿರುವ ಕಾರ್ಡ್‌ಗೆ ಅದು ಪರಿಹಾರ ಅಲ್ಲ.

ಆಂಡ್ರಾಯ್ಡ್ ತಾನೇ ಕೊಡುವ ಒಂದು ದಾರಿ ಇದೆ, ಅದರ ಬಗ್ಗೆ ಸ್ವಲ್ಪ ಎಚ್ಚರಿಸಬೇಕು. 2015ರ ಆಂಡ್ರಾಯ್ಡ್ 6ರಿಂದ ಕಾರ್ಡನ್ನು ‘ಆಂತರಿಕ ಸ್ಟೋರೇಜ್’ ಆಗಿ ಫಾರ್ಮ್ಯಾಟ್ ಮಾಡುವ ಆಯ್ಕೆ ಬಂತು. ಎಲ್ಲ ಕಂಪನಿಗಳೂ ಇದನ್ನು ಉಳಿಸಿಕೊಂಡಿಲ್ಲ. ಇರುವ ಫೋನ್‌ನಲ್ಲಿ ಆರಿಸಿದರೆ, ಕರ್ನಲ್‌ಗೆ ಎಫ್2ಎಫ್‌ಎಸ್ ಗೊತ್ತಿದ್ದರೆ ಅದನ್ನು, ಇಲ್ಲದಿದ್ದರೆ ಎಕ್ಸ್ಟ್4 ಅನ್ನು ಫೋನ್ ಹಾಕಿಕೊಳ್ಳುತ್ತೆ. ಅಂದರೆ ನಿಮ್ಮ ಗೆಳೆಯ ಹೇಳಿದ್ದೇ, ರೂಟ್ ಇಲ್ಲದೆ! ಆದರೆ ಇಡೀ ಕಾರ್ಡ್ ಎನ್‌ಕ್ರಿಪ್ಟ್ ಆಗುತ್ತೆ, ಬೀಗದ ಕೈ ಇರೋದು ಫೋನ್ ಒಳಗೆ ಮಾತ್ರ. ಕಾರ್ಡ್ ತೆಗೆದು ಬೇರೆಲ್ಲೇ ಹಾಕಿದರೂ ಅದು ಅರ್ಥವಿಲ್ಲದ ಬೈಟ್‌ಗಳ ರಾಶಿ. ಫೋನ್ ನೀರಿಗೆ ಬಿದ್ದು ಬೋರ್ಡ್ ಸತ್ತರೆ, ಇಲ್ಲಾ ಫ್ಯಾಕ್ಟರಿ ರಿಸೆಟ್ ಮಾಡಿದರೆ, ಕಾರ್ಡ್ ಗಟ್ಟಿಮುಟ್ಟಾಗಿದ್ದರೂ ಫೋಟೊಗಳು ಹೋದ ಹಾಗೆಯೇ. ‘ಕಾರ್ಡ್ ಚೆನ್ನಾಗಿದೆಯಲ್ಲ ಸಾರ್, ಅದರಿಂದ ತೆಗೆದುಕೊಡಿ’ ಅಂತ ಬರುವವರಿಗೆ ಆಗಲ್ಲ ಅಂತ ಹೇಳೋದು ಈ ಕೆಲಸದ ಬೇಜಾರಿನ ಭಾಗ. ಇನ್ನೂ ಒಂದು: ಆಪ್‌ಗಳನ್ನು ಕಾರ್ಡ್‌ನಿಂದ ಓಡಿಸಿದರೆ ನಾನು ಮೇಲೆ ಹೇಳಿದ ಚಿಕ್ಕ ಬರವಣಿಗೆಗಳ ಸುರಿಮಳೆ ಶುರು. ಅದಕ್ಕೆ ಕಾರ್ಡ್ ಮೇಲೆ ಕನಿಷ್ಠ ಎ1 ಗುರುತು ಇರಬೇಕು. ಸೆಕೆಂಡಿಗೆ 1500 ಚಿಕ್ಕ ಓದು, 500 ಚಿಕ್ಕ ಬರವಣಿಗೆ ಅದರ ಭರವಸೆ. ಎ2 ಅಂದರೆ 4000 ಮತ್ತು 2000, ಆದರೆ ಅದರ ಪೂರ್ತಿ ಲಾಭಕ್ಕೆ ಫೋನ್ ಕೂಡ ಅದನ್ನು ಬೆಂಬಲಿಸಬೇಕು. ನಿಮ್ಮ ಕಾರ್ಡ್ ಕ್ಯಾಮೆರಾಗೂ ಓಡಾಡುತ್ತೆ. ಈ ಆಯ್ಕೆ ನಿಮಗಲ್ಲ.

ವಿಂಡೋಸ್ ಕಡೆಯ ಅಪಾಯವನ್ನೂ ಹೇಳಿಬಿಡ್ತೀನಿ, ಯಾಕೆಂದರೆ ಎಕ್ಸ್ಟ್4 ಕಾರ್ಡ್‌ಗಳು ನನ್ನ ಮೇಜಿಗೆ ಬರೋದು ಹೆಚ್ಚಾಗಿ ಈ ದಾರಿಯಲ್ಲಿ. ವಿಂಡೋಸ್‌ಗೆ ಎಕ್ಸ್ಟ್4 ನೇರವಾಗಿ ಓದಲು ಬರಲ್ಲ. ಕಾರ್ಡ್ ಹಾಕಿದ ಕೂಡಲೇ ‘ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತೆ. ನಿಮಗೆ ಗೊತ್ತಿರುತ್ತೆ, ಮನೆಯ ಇನ್ನೊಬ್ಬರಿಗೆ ಗೊತ್ತಿರಲ್ಲ. ಯಾರೋ ಒಳ್ಳೆ ಮನಸ್ಸಿನಿಂದಲೇ ಒತ್ತಿಬಿಡುತ್ತಾರೆ. ಹಾಗಾದರೆ ತಕ್ಷಣ ಕಾರ್ಡ್ ಹೊರಗೆ ತೆಗೆಯಿರಿ, ಏನನ್ನೂ ಬರೆಯಬೇಡಿ. ಎಕ್ಸ್ಟ್4 ತನ್ನ ಸೂಪರ್‌ಬ್ಲಾಕ್‌ನ (ಇಡೀ ಫೈಲ್ ಸಿಸ್ಟಮ್‌ನ ಮೂಲ ವಿವರ ಇರುವ ಭಾಗದ) ಪ್ರತಿಗಳನ್ನು ಕಾರ್ಡ್‌ನ ಬೇರೆ ಬೇರೆ ಜಾಗದಲ್ಲಿ ಇಟ್ಟಿರುತ್ತೆ. ಕ್ವಿಕ್ ಫಾರ್ಮ್ಯಾಟ್ ಮಾತ್ರ ಆಗಿದ್ದರೆ ಎಷ್ಟೋ ಸಲ ವಾಪಸ್ ಸಿಗುತ್ತೆ. ಫಾರ್ಮ್ಯಾಟ್ ಮಾಡಿದ ಸಾಧನ ‘ಎಲ್ಲ ಅಳಿಸು’ ಅನ್ನೋ ಆದೇಶವನ್ನೂ ಕಾರ್ಡ್‌ಗೆ ಕಳಿಸಿದ್ದರೆ ಸಿಗಲ್ಲ.

ಈಗ ನಿಮ್ಮ ಕಾರ್ಡ್‌ಗೆ

ಗೆಳೆಯನ ಲ್ಯಾಪ್‌ಟಾಪ್‌ಗೆ ಫೈಲ್‌ಗಳನ್ನು ಇಳಿಸಿಕೊಂಡ ಮೇಲೆ, ಬೇರೆ ಏನೂ ಮಾಡುವ ಮುಂಚೆ ಕಾರ್ಡ್ ಪರೀಕ್ಷೆ ಮಾಡಿ. ಲಿನಕ್ಸ್‌ನಲ್ಲಾದರೆ ಎಫ್3, ವಿಂಡೋಸ್‌ನಲ್ಲಾದರೆ ಎಚ್2ಟೆಸ್ಟ್‌ಡಬ್ಲ್ಯೂ. ಎರಡೂ ಉಚಿತ. ಕಾರ್ಡ್ ತುಂಬಾ ಬರೆದು, ಬರೆದದ್ದನ್ನೇ ಓದಿ ತಾಳೆ ನೋಡುತ್ತವೆ. ಖಾಲಿ ಕಾರ್ಡ್ ಮೇಲೇ ಮಾಡಬೇಕು, ಭಾಗಶಃ ತುಂಬಿದ ಕಾರ್ಡ್‌ನಲ್ಲಿ ಫಲಿತಾಂಶ ಅರ್ಧಂಬರ್ಧ. 128 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಬಿಟ್ಟು ಮಲಗಿ. ಒಂದೇ ಒಂದು ತಪ್ಪು ತೋರಿಸಿದರೂ ಆ ಕಾರ್ಡ್‌ನಲ್ಲಿ ಮುಖ್ಯವಾದದ್ದನ್ನು ಇಡಬೇಡಿ. ಬೇರೆ ರೀಡರ್‌ನಲ್ಲಿ ಇನ್ನೊಂದು ಸಲ ನೋಡಿ, ಆಗಲೂ ಅದೇ ಆದರೆ ಹೊಸ ಕಾರ್ಡ್ ತಗೊಳ್ಳಿ. ಯಾವ ಫೈಲ್ ಸಿಸ್ಟಮ್ ಅನ್ನೋ ಚರ್ಚೆ ಅಲ್ಲಿಗೇ ಮುಗೀತು.

ಪರೀಕ್ಷೆ ಪಾಸಾದರೆ ಎಕ್ಸ್‌ಫ್ಯಾಟ್‌ಗೆ ಹೋಗಿ. ನಿಮ್ಮ ಫೋನ್, ವಿಂಡೋಸ್, ಗೆಳೆಯನ ಲಿನಕ್ಸ್ ಮೂರಕ್ಕೂ ಅದು ಅರ್ಥ ಆಗುತ್ತೆ. ನಿಮ್ಮ ಕ್ಯಾಮೆರಾ ತೀರಾ ಹಳೆಯದಲ್ಲದಿದ್ದರೆ, ಅಂದರೆ ಅದರ ಮೇಲೆ ಎಸ್‌ಡಿಎಕ್ಸ್‌ಸಿ ಗುರುತು ಇದ್ದರೆ, ಅದಕ್ಕೂ. ಫಾರ್ಮ್ಯಾಟ್ ಮಾಡಲು ಎಸ್‌ಡಿ ಅಸೋಸಿಯೇಷನ್‌ನ ಉಚಿತ ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್ ಬಳಸಿ, ಇಲ್ಲಾ ಫೋನ್‌ನಲ್ಲೇ ಮಾಡಿ. ಆ ಫಾರ್ಮ್ಯಾಟರ್ ಪಾರ್ಟಿಷನ್ ಅನ್ನು, ಅಂದರೆ ಫೈಲ್ ಸಿಸ್ಟಮ್ ಕೂರುವ ವಿಭಾಗವನ್ನು, ಕಾರ್ಡ್‌ನ ಒಳಗಿನ ಬ್ಲಾಕ್‌ಗಳ ಗಡಿಗೆ ಸರಿಯಾಗಿ ಹೊಂದಿಸುತ್ತೆ. ಸಿಕ್ಕ ಸಿಕ್ಕ ಸಾಧನದಲ್ಲಿ ಮಾಡಿದಾಗ ಈ ಹೊಂದಿಕೆ ತಪ್ಪಿ ಬರೆಯುವ ವೇಗ ಇಳಿಯೋದುಂಟು.

ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ ಅನ್ನೋದು ನಿಜವಾದ ಕೊರತೆ, ಮುಚ್ಚಿಡಲ್ಲ. ಅದಕ್ಕೆ ಬದಲಾಗಿ ನೀವು ಮಾಡಬೇಕಾದ್ದು ಇಷ್ಟು: ಸೆಟ್ಟಿಂಗ್ಸ್‌ನಲ್ಲಿ ಇಜೆಕ್ಟ್ ಕೊಟ್ಟು ಕಾರ್ಡ್ ತೆಗೆಯಿರಿ, ಬ್ಯಾಟರಿ ಕೊನೆಯುಸಿರು ಎಳೆಯುವಾಗ ಕಾರ್ಡ್‌ಗೆ ವಿಡಿಯೊ ರೆಕಾರ್ಡ್ ಮಾಡಬೇಡಿ, ಕಾರ್ಡ್ ಗಲಾಟೆ ಮಾಡಿದಾಗ ಫಾರ್ಮ್ಯಾಟ್ ಒತ್ತುವ ಬದಲು ವಿಂಡೋಸ್‌ಗೆ ಹಾಕಿ. ಅಲ್ಲೂ ನೇರವಾಗಿ ರಿಪೇರಿಗೆ ಕೈ ಹಾಕಬೇಡಿ. ಮೊದಲು ಫೈಲ್‌ಗಳನ್ನು ಕಾಪಿ ಮಾಡಿಕೊಂಡು, ಆಮೇಲೆ ವಿಂಡೋಸ್‌ನ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಿ. ಸಾಯುತ್ತಿರುವ ಕಾರ್ಡ್ ಮೇಲೆ ರಿಪೇರಿ ಓಡಿಸಿ, ಇದ್ದದ್ದನ್ನೂ ಕಳೆದುಕೊಂಡವರನ್ನು ನೋಡಿದ್ದೇನೆ. ಫೋಟೊಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು ಅನ್ನೋದು ಯಾವ ಫೈಲ್ ಸಿಸ್ಟಮ್ ಹಾಕಿದರೂ ತಪ್ಪಿದ್ದಲ್ಲ.

ಎಕ್ಸ್ಟ್4 ಯಾವಾಗಲೂ ತಪ್ಪು ಅಂತಲೂ ಅಲ್ಲ. ಕಾರ್ಡ್ ಒಂದೇ ಸಾಧನದಲ್ಲಿ ಖಾಯಂ ಕೂರುತ್ತೆ, ಆ ಸಾಧನಕ್ಕೆ ಎಕ್ಸ್ಟ್4 ಸಲೀಸು ಅನ್ನೋದಾದರೆ ಅದೇ ಒಳ್ಳೆಯದು. ಸೇಲ್‌ಫಿಶ್‌ನಂಥ ಲಿನಕ್ಸ್ ಫೋನ್‌ಗಳು ಕಾರ್ಡ್‌ಗೆ ಎಕ್ಸ್ಟ್4 ಅನ್ನು ತಾವೇ ಒಪ್ಪುತ್ತವೆ. ಫೈಲ್ ಅನುಮತಿಗಳು, ಸಿಮ್‌ಲಿಂಕ್‌ಗಳು (ಬೇರೆ ಫೈಲ್‌ನತ್ತ ತೋರಿಸುವ ಕೊಂಡಿಗಳು) ಬೇಕಾಗುವ ಕೆಲಸಕ್ಕೆ ಎಕ್ಸ್‌ಫ್ಯಾಟ್ ಸಾಲೋದೇ ಇಲ್ಲ.

ನಿಮ್ಮ ರೂಟ್ ಆದ ಹಳೇ ಫೋನ್ ಇಂಥ ಪ್ರಯೋಗಕ್ಕೆ ಸರಿಯಾದ ಜಾಗ. ಆದರೆ ಅದಕ್ಕೆ ಬೇರೆ ಕಾರ್ಡ್ ಇಡಿ. ಆ ಕಾರ್ಡನ್ನೂ ಪೂರ್ತಿ ಎಕ್ಸ್ಟ್4 ಮಾಡುವ ಬದಲು ಎರಡು ಪಾರ್ಟಿಷನ್ ಮಾಡಿ. ಮೊದಲನೆಯದು ಫ್ಯಾಟ್32, ಆ ಫೋನ್ ಎಕ್ಸ್‌ಫ್ಯಾಟ್ ಓದಲ್ಲವಲ್ಲ. ಎರಡನೆಯದು ಎಕ್ಸ್ಟ್4. ಹಿಂದೆ ಫೋನ್‌ಗಳಲ್ಲಿ ಜಾಗ ಸಾಲದಿದ್ದ ಕಾಲದಲ್ಲಿ ಆಪ್‌ಗಳನ್ನು ಕಾರ್ಡ್‌ಗೆ ಸಾಗಿಸಲು ಲಿಂಕ್2ಎಸ್‌ಡಿ ಅನ್ನೋ ಆಪ್ ಬಳಸುತ್ತಿದ್ದವರು ಇದನ್ನೇ ಮಾಡುತ್ತಿದ್ದರು. ಪಾರ್ಟಿಷನ್ ಟೇಬಲ್ (ಪಾರ್ಟಿಷನ್‌ಗಳ ಪಟ್ಟಿ) ಎಂಬಿಆರ್ ಅನ್ನೋ ಬಗೆಯದ್ದಿರಲಿ, ಎರಡನೇ ಪಾರ್ಟಿಷನ್‌ನ ಟೈಪ್ 83 (ಲಿನಕ್ಸ್‌ನ ಗುರುತು) ಇರಲಿ. ಈಚಿನ ಆಂಡ್ರಾಯ್ಡ್‌ಗಳಲ್ಲಿ ವೋಲ್ಡ್ ಮೊದಲನೆಯದನ್ನು ಮಾಮೂಲಿ ಕಾರ್ಡ್ ಅಂತ ತೋರಿಸಿ, 83 ಅನ್ನು ಕಂಡೂ ಕಾಣದ ಹಾಗೆ ಬಿಟ್ಟುಬಿಡುತ್ತೆ. ಫಾರ್ಮ್ಯಾಟ್ ಮಾಡಲಾ ಅಂತ ಪೀಡಿಸಲ್ಲ. ಎರಡನೆಯದನ್ನು ರೂಟ್ ಮೂಲಕ ನೀವೇ ಮೌಂಟ್ ಮಾಡಿಕೊಳ್ಳಬಹುದು. ಮೌಂಟ್ ಮಾಡುವಾಗ ನೋಎಟೈಮ್ ಆಯ್ಕೆ ಕೊಟ್ಟರೆ ಬರೀ ಓದಿದ್ದಕ್ಕೆಲ್ಲ ಸಮಯ ಬರೆಯೋದು ತಪ್ಪುತ್ತೆ. ಫಾರ್ಮ್ಯಾಟ್ ಮಾಡುವಾಗ ರೂಟ್‌ಗೆಂದು ಮೀಸಲಿಡುವ ಶೇಕಡಾ 5 ಜಾಗವನ್ನು ಸೊನ್ನೆ ಮಾಡಿ. ಗೆಳೆಯನ ಲ್ಯಾಪ್‌ಟಾಪ್‌ನ ಹೊಸ ಲಿನಕ್ಸ್‌ನಲ್ಲಿ ತಯಾರಾದ ಎಕ್ಸ್ಟ್4 ಅನ್ನು ಹಳೇ ಫೋನ್‌ನ ಕರ್ನಲ್ ಒಪ್ಪದೇ ಇರಬಹುದು, ಹೊಸ ಆವೃತ್ತಿಗಳು ಹಳೆಯವಕ್ಕೆ ಗೊತ್ತಿಲ್ಲದ ಸೌಲಭ್ಯಗಳನ್ನು ತಾವಾಗಿಯೇ ಸೇರಿಸುತ್ತವೆ. ಹಾಗಾದರೆ ಆ ಪಾರ್ಟಿಷನ್ ಅನ್ನು ಫೋನ್‌ನಲ್ಲೇ, ಅದರ ರಿಕವರಿಯಿಂದಲೋ ಟರ್ಮಿನಲ್‌ನಿಂದಲೋ ಫಾರ್ಮ್ಯಾಟ್ ಮಾಡಿ. ಹಳೆಯ ಕರ್ನಲ್ ಮಾಡಿದ್ದನ್ನು ಹೊಸ ಲ್ಯಾಪ್‌ಟಾಪ್ ಓದಿಯೇ ಓದುತ್ತೆ.